ಹೊಸ ಕಾರಿನ ಗೇರು ಕೈಕೊಟ್ಟಾಗ

ಮಧ್ಯಮ ವರ್ಗದ ಸಂಸಾರವೊಂದು ಮನೆಯನ್ನು ಬಿಟ್ಟರೆ ಕೊಳ್ಳುವ ಅತಿ ದೊಡ್ಡ ವಸ್ತುವೆಂದರೆ ಕಾರು. ಪುಟ್ಟ ಕಾರಿಗೆ ತೃಪ್ತಿಪಡುತ್ತಿದ್ದವರು ಈಗ ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲರೂ ಹಿಡಿಸುವ, ನೆಲದಿಂದ ಎತ್ತರವಾಗಿರುವ ಎಸ್.ಯು.ವಿ.ಯನ್ನು ಬಯಸುತ್ತಾರೆ. ಕಂತಿನ ಸಾಲ ಮಾಡಿ ತಂದ ಇಂಥ ವಾಹನವು ಎರಡನೆಯ ಆಯುಧಪೂಜೆಯನ್ನು ಕಾಣುವ ಮುನ್ನವೇ ನಡುದಾರಿಯಲ್ಲಿ ನಿಂತರೆ ಆ ಮನೆಯವರ ಸಂಕಟ ಹೇಳತೀರದು. ಎಂಜಿನ್ ಗುರುಗುಟ್ಟುತ್ತಿರುತ್ತದೆ, ಚಕ್ರ ಮಾತ್ರ ಕದಲುವುದಿಲ್ಲ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಇಂಥ ದೋಷ ಹೆಸರಾಂತ ಕಂಪನಿಗಳನ್ನೂ ಬಿಟ್ಟಿಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಗೇರ್‌ಬಾಕ್ಸಿನ ದೋಷಕ್ಕಾಗಿ ಚೀನಾ ದೇಶವೊಂದರಲ್ಲಿಯೇ 3,84,181 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ದೋಷ ಎಲ್ಲಿ ಹುಟ್ಟುತ್ತದೆ?

ಎಂಜಿನ್ನಿನ ಶಕ್ತಿಯನ್ನು ಅಳತೆಯರಿತು ಚಕ್ರಕ್ಕೆ ಮುಟ್ಟಿಸುವುದು ಗೇರ್‌ಬಾಕ್ಸಿನ ಕೆಲಸ. ಎಂಜಿನ್ನಿಗೂ ಗೇರಿಗೂ ನಡುವೆ ನಿಂತು, ಬೇಕಾದಾಗ ಕೂಡಿಸಿ ಬೇಡವಾದಾಗ ಬಿಡಿಸುವುದು ಕ್ಲಚ್ಚು. ಹಳೆಯ ಬಗೆಯ ಕಾರಿನಲ್ಲಿ ಈ ಕೆಲಸ ಚಾಲಕನ ಎಡಗಾಲಿನದು. ಈಗಿನ ಸ್ವಯಂಚಾಲಿತ ಕಾರುಗಳಲ್ಲಿ ಅದು ಯಂತ್ರದ ಪಾಲಾಗಿದೆ. ಕೆಲವು ಕಾರುಗಳಲ್ಲಿ ಹಳೆಯ ಗೇರ್‌ಬಾಕ್ಸನ್ನೇ ಯಂತ್ರದ ಕೈಯೊಂದು ಬದಲಾಯಿಸುತ್ತದೆ. ಕೆಲವದರಲ್ಲಿ ಎಣ್ಣೆಯ ಒತ್ತಡವೇ ಶಕ್ತಿಯನ್ನು ದಾಟಿಸುತ್ತದೆ. ಮತ್ತೆ ಕೆಲವದರಲ್ಲಿ ಎರಡು ಕ್ಲಚ್ಚುಗಳಿದ್ದು, ಒಂದು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸರಿ ಸಂಖ್ಯೆಯ ಗೇರುಗಳನ್ನೂ ನೋಡಿಕೊಳ್ಳುತ್ತದೆ. ಈ ಜೋಡಿ ಕ್ಲಚ್ಚುಗಳಲ್ಲಿ ಎಣ್ಣೆಯ ತಂಪಿಲ್ಲದ ಒಣ ಬಗೆಯದಕ್ಕೆ ತೆವಳುವ ಓಟವೆಂದರೆ ಆಗದು. ಚಾಲಕರು 'ಹಾಫ್ ಕ್ಲಚ್' ಎನ್ನುವ ಸ್ಥಿತಿಯಲ್ಲಿ ಉಜ್ಜಿ ಉಜ್ಜಿ ಅದು ಕಾಯುತ್ತದೆ.

ಮಂಡ್ಯ ಜಿಲ್ಲೆಯ ದಾರಿಗಳು ಗೇರಿಗೆ ಎರಡು ಬಗೆಯ ಪರೀಕ್ಷೆಯನ್ನು ಒಡ್ಡುತ್ತವೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗೇರು ಒಮ್ಮೆ ಮೇಲೇರಿದರೆ ಹೆಚ್ಚಿನ ಕೆಲಸವಿಲ್ಲ. ಆದರೆ ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕಬ್ಬು ಅರೆಯುವ ಕಾಲದಲ್ಲಿ, ಕಾರ್ಖಾನೆಗೆ ಸಾಗುವ ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ಹಿಂದೆ ಎತ್ತಿನ ಹೆಜ್ಜೆಗೆ ಹೆಜ್ಜೆ ಸೇರಿಸಿ ಸಾಗಬೇಕಾಗುತ್ತದೆ. ಗೇರಿನ ದೌರ್ಬಲ್ಯ ಬಯಲಾಗುವುದು ಇಂಥಲ್ಲಿಯೇ.

ಜಗಳ ಹುಟ್ಟುವುದೂ ಇಲ್ಲಿಂದಲೇ. 'ನೀವು ಓಡಿಸಿದ ರೀತಿಯೇ ಸರಿಯಿಲ್ಲ' ಎನ್ನುವುದು ಮಾರಿದವರ ಮಾತು. 'ತಯಾರಿಕೆಯಲ್ಲೇ ದೋಷವಿದೆ' ಎನ್ನುವುದು ಕೊಂಡವರ ವಾದ. ಸವೆಯುವ ವಸ್ತುವೆಂದು ಕ್ಲಚ್ ಫಲಕವನ್ನು ವಾರಂಟಿಯಿಂದ ಹೊರಗಿಡುವ ಪದ್ಧತಿಯೂ ಉಂಟು. ಬಾಯಿಮಾತಿನ ಈ ಕಾಳಗದಲ್ಲಿ 'ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ' ಎಂಬಂತಾಗಬಾರದೆಂದರೆ ಮೊದಲ ದಿನದಿಂದಲೇ ಬರಹದ ಆಧಾರವಿರಬೇಕು.

ಮಾಡಬೇಕಾದುದೇನು?

ಗೇರು ಒಮ್ಮೆಲೇ ಕೈಬಿಡುವುದು ಅಪರೂಪ. ಬಹುಮಟ್ಟಿಗೆ ಮುನ್ಸೂಚನೆ ಕೊಡುತ್ತದೆ. ಗೇರು ಬದಲಾಗುವಾಗ ಕಾರು ಜಗ್ಗುವುದು, ರಿವರ್ಸ್ ಹಾಕಿದರೆ ತಡವಾಗಿ ಹಿಡಿಯುವುದು, ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದು, ಸುಟ್ಟ ವಾಸನೆ, ಎಚ್ಚರಿಕೆಯ ದೀಪ ಇವುಗಳಲ್ಲಿ ಯಾವುದು ಕಂಡರೂ ಅಲಕ್ಷಿಸಬಾರದು. ದೀಪ ಹತ್ತಿದ ಕೂಡಲೇ ಚಿತ್ರ ತೆಗೆದು, ಎಷ್ಟು ಕಿಲೋಮೀಟರು ಓಡಿತ್ತೆಂಬುದನ್ನೂ ದಿನಾಂಕವನ್ನೂ ಗುರುತಿಸಿಡಬೇಕು. ಸರ್ವಿಸ್ ಕೇಂದ್ರದಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡದೆ, ತೊಂದರೆಯನ್ನು ಇದ್ದಂತೆಯೇ ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಪಡೆಯಬೇಕು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಸಂಕೇತಗಳ ಪ್ರತಿಯನ್ನೂ ಕೇಳುವುದು ಒಳ್ಳೆಯದು.

ಗಾಡಿ ದಾರಿಯಲ್ಲೇ ನಿಂತಾಗ ನೆರವಿಗೆ ಬಂದ ಹಳ್ಳಿಯವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದುಂಟು. ಅವರ ಮನಸ್ಸು ಒಳ್ಳೆಯದೇ; ಆದರೆ ಸ್ವಯಂಚಾಲಿತ ಗೇರಿನ ಕಾರನ್ನು ಚಕ್ರ ಉರುಳಿಸಿಕೊಂಡು ಎಳೆದರೆ ಒಳಗಿನ ಭಾಗಗಳು ಎಣ್ಣೆ ಕಾಣದೆ ಇನ್ನಷ್ಟು ಕೆಡಬಹುದು. ಕಾರನ್ನು ಇಡಿಯಾಗಿ ಹೊರುವ ವಾಹನವನ್ನೇ ಕರೆಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆಮಾಡಬಹುದು. ವಾರಂಟಿಯ ಅವಧಿಯಲ್ಲಿ ಪರಿಚಯದ ಗ್ಯಾರೇಜಿನಲ್ಲಿ ಗೇರ್‌ಬಾಕ್ಸನ್ನು ಬಿಚ್ಚಿಸುವುದಂತೂ ಕೂಡದು; ವಾರಂಟಿಯನ್ನು ನಿರಾಕರಿಸಲು ಅದೊಂದೇ ನೆಪ ಸಾಕು.

ನ್ಯಾಯದ ಬಾಗಿಲು

ಮಾತಿಗೆ ಮಣಿಯದಿದ್ದಲ್ಲಿ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಮದ್ದೂರು, ಮಳವಳ್ಳಿಯ ನಿವಾಸಿಗಳು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ವಕೀಲರಿಲ್ಲದೆಯೂ ಗ್ರಾಹಕರು ತಾವೇ ವಾದಿಸಬಹುದು. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದಿದ್ದರೆ ತಕ್ಕ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ದೂರಿಗೆ ಮುನ್ನ ಸಲಹೆ ಬೇಕಾದವರಿಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಯುಂಟು.

ಆದರೆ ಅತಿಯಾಸೆ ಸಲ್ಲದು. ಜಮ್ಮುವಿನ ಗ್ರಾಹಕರೊಬ್ಬರ ಕಾರಿನ ಕ್ಲಚ್ ದೋಷದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತು, ವಾರಂಟಿಯ ಕರಾರಿನಲ್ಲಿರುವುದು ಕೆಟ್ಟ ಭಾಗದ ಬದಲಾವಣೆಯೇ ಹೊರತು ಇಡೀ ಕಾರಿನ ಬದಲಾವಣೆಯಲ್ಲ ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಹೊಸ ಕಾರೇ ಬೇಕೆಂದು ಹಟ ಹಿಡಿಯುವುದಕ್ಕಿಂತ, ಹೊಸ ಗೇರ್‌ಬಾಕ್ಸು, ಅದಕ್ಕೆ ಮತ್ತೆ ಪೂರ್ಣಾವಧಿಯ ವಾರಂಟಿ, ಆದ ನಷ್ಟಕ್ಕೆ ಪರಿಹಾರ ಇವಿಷ್ಟನ್ನು ಲಿಖಿತವಾಗಿ ಕೇಳುವುದು ಜಾಣತನ. ಒಂದೇ ದೋಷ ದುರಸ್ತಿಯ ಮೇಲೆ ದುರಸ್ತಿಯಾದರೂ ಮರುಕಳಿಸಿದರೆ ದೊಡ್ಡ ಬೇಡಿಕೆಗೂ ಬಲ ಬರುತ್ತದೆ; ಅದನ್ನು ಸಾರಿ ಹೇಳುವವು ಒಂದರ ಮೇಲೊಂದು ಕೂಡಿಟ್ಟ ಜಾಬ್ ಕಾರ್ಡುಗಳೇ.

ಕಾರು ಕೊಳ್ಳುವಾಗ ಬಣ್ಣವನ್ನಾರಿಸಲು ಮನೆಮಂದಿಯೆಲ್ಲ ಕೂಡುತ್ತಾರೆ. ವಾರಂಟಿಯ ಪುಸ್ತಕವನ್ನು ಒಬ್ಬರಾದರೂ ಕೊನೆಯವರೆಗೆ ಓದಿದ್ದರೆ, ಗೇರು ಕೈಕೊಟ್ಟ ದಿನ ಆ ಸಂಸಾರ ದಿಕ್ಕುಗಾಣದೆ ನಿಲ್ಲಬೇಕಾಗುವುದಿಲ್ಲ.