ಮಂಗಳವಾರದ ಚೀಟಿ

ನಮ್ಮ ಹಳ್ಳಿಗಾಡಿನಲ್ಲಿ ಮಂಗಳವಾರವೂ ಶುಕ್ರವಾರವೂ ದೇವರ ದಿನಗಳು. ಮನೆಯಲ್ಲಿ ಯಾರಿಗಾದರೂ ನಿದ್ರೆ ಕೆಟ್ಟು, ಮಾತು ದಾರಿ ತಪ್ಪಿ, ಉಂಡ ಅನ್ನದಲ್ಲಿಯೂ ವಿಷವನ್ನು ಶಂಕಿಸುವ ಸ್ಥಿತಿ ಬಂದೊದಗಿದರೆ, ಹೆತ್ತವರು ಆ ಜೀವವನ್ನು ಕೈಹಿಡಿದು ಕರೆದೊಯ್ದು ಅಮ್ಮನವರ ಗುಡಿಯ ಮುಂದೆ ನಿಲ್ಲಿಸುವುದೂ, ಅಂತ್ರ ಕಟ್ಟಿಸಿ ಹರಕೆ ಹೊರುವುದೂ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಇದೇ ಮಂಗಳವಾರಕ್ಕೆ 2014ರಿಂದೀಚೆಗೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಕರ್ನಾಟಕ ಸರ್ಕಾರದ ‘ಮನೋಚೈತನ್ಯ’ ಎಂಬ ಯೋಜನೆಯ ಮೇರೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬಂದು ಕುಳಿತು, ರೋಗಿಯನ್ನೂ ಅವನ ಜೊತೆಯಲ್ಲಿ ಬಂದವರನ್ನೂ ಮಾತನಾಡಿಸಿ, ಔಷಧಿಯನ್ನು ಬರೆದುಕೊಡುವ ದಿನವೂ ಮಂಗಳವಾರವೇ ಆಗಿದೆ. ಇದು ಕಾಕತಾಳೀಯವಾದರೂ ಅರ್ಥಪೂರ್ಣವಾದ ಕಾಕತಾಳೀಯ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರ ನಾಯಕರ ರಾಜಧಾನಿ. ಕಾಲಾಂತರದಲ್ಲಿ ಆ ಆಳ್ವಿಕೆ ಅಳಿದು, ಈಗ ಅದು ಒಂದು ಹೋಬಳಿಯ ಕೇಂದ್ರ. ತೆಂಗು ರಾಗಿಗಳ ಈ ಸೀಮೆಯ ಒಕ್ಕಲಿಗನೊಬ್ಬನ ಮನೆಯಲ್ಲಿ, ಇಪ್ಪತ್ತೆರಡರ ಮಗನಿಗೆ ಇಂಥ ಕಾಯಿಲೆ ಕಾಣಿಸಿಕೊಂಡಿತೆಂದು ಊಹಿಸಿಕೊಳ್ಳೋಣ. ಅವನನ್ನು ಬೆಂಗಳೂರಿಗೆ ಕರೆದೊಯ್ಯಬೇಕಾದರೆ ಗುಬ್ಬಿ ತುಮಕೂರುಗಳನ್ನು ದಾಟಿ, ಅಲ್ಲಿಂದ ಮುಂದೆ 70 ಕಿಲೋಮೀಟರು ಪ್ರಯಾಣ ಮಾಡಬೇಕು. ಎರಡು ದಿನದ ಕೂಲಿ ಹೋಯಿತು, ಹಸುವಿಗೆ ಮೇವು ಹಾಕುವವರಿಲ್ಲ, ಬಸ್ಸಿನಲ್ಲಿ ಹುಡುಗ ಕೂಗಾಡಿದರೆ ಮಾನವೂ ಹೋಯಿತು. ಒಮ್ಮೆ ಹೋಗಿಬರುವುದು ಹೇಗೋ ಸಾಧ್ಯವಾದೀತು; ತಿಂಗಳು ತಿಂಗಳೂ ವರ್ಷಗಟ್ಟಲೆ ಹೋಗಿಬರುವುದು ಸಾಧ್ಯವಲ್ಲ. ಆದರೆ ಈ ರೋಗದ ಸ್ವಭಾವವೇ ವರ್ಷಗಟ್ಟಲೆ ಶುಶ್ರೂಷೆಯನ್ನು ಬೇಡುವುದು. ಆದ್ದರಿಂದ ಕನ್ನಡನಾಡಿನ ಮನೋಚಿಕಿತ್ಸೆಯ ಚರಿತ್ರೆಯನ್ನು, ದೂರವನ್ನು ಹೆಜ್ಜೆಹೆಜ್ಜೆಯಾಗಿ ಕುಗ್ಗಿಸಿದ ಚರಿತ್ರೆಯೆಂದು ಓದಿದರೆ ಅದರ ಮರ್ಮ ತಿಳಿಯುತ್ತದೆ.

ಆರಂಭದಲ್ಲಿದ್ದುದು ಗೋಡೆ. 1847ರಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಶಸ್ತ್ರವೈದ್ಯರು ಬೆಂಗಳೂರಿನಲ್ಲಿ ಒಂದು ‘ಅಸೈಲಂ’ ಸ್ಥಾಪಿಸಿದರು. ಲೋಕದಿಂದ ರೋಗಿಯನ್ನೂ ರೋಗಿಯಿಂದ ಲೋಕವನ್ನೂ ಕಾಪಾಡುವುದೇ ಅಂದಿನ ಉದ್ದೇಶ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಮೂವತ್ತರ ದಶಕದಲ್ಲಿ ಅದು ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸಾಗಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ಮುಖಂಡತ್ವದಲ್ಲಿ ಸಂಶೋಧನೆಯ ದೀಪ ಅಲ್ಲಿ ಹೊತ್ತಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿಯೇ ಹುಟ್ಟಿ, 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ, ಇಂದು ಜನ ‘ನಿಮ್ಹಾನ್ಸ್’ ಎಂದು ಕರೆಯುವ ಮಹಾಸಂಸ್ಥೆ ರೂಪುಗೊಂಡಿತು. 2012ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಮಾನ್ಯ ಮಾಡಿತು. ಮನಸ್ಸಿನ ವೈದ್ಯರೂ ಮಿದುಳಿನ ವೈದ್ಯರೂ ಒಂದೇ ಸೂರಿನಡಿಯಲ್ಲಿ ಕೂಡಿ ದುಡಿಯುವುದು ಈ ಸಂಸ್ಥೆಯ ವೈಶಿಷ್ಟ್ಯ.

ಆದರೆ ಸಂಸ್ಥೆಯು ಎಷ್ಟೇ ಬೆಳೆದರೂ ಹಾಗಲವಾಡಿಯಿಂದ ಅದರ ಬಾಗಿಲಿಗಿದ್ದ ದೂರ ಒಂದು ಗಾವುದವೂ ಕಡಿಮೆಯಾಗಲಿಲ್ಲ. ಇದನ್ನು ಮನಗಂಡವರು ಎಪ್ಪತ್ತರ ದಶಕದ ವೈದ್ಯರು. ಡಾ. ಆರ್. ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ಸಂಶೋಧನೆ ನಡೆಸಿ, ಹಳ್ಳಿಗರು ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಈ ಮೂವರನ್ನೂ ಯಾವ ಸಂಕೋಚವೂ ಇಲ್ಲದೆ ಆಶ್ರಯಿಸುವುದನ್ನು ಕಂಡು ಬರೆದರು. ಆಮೇಲೆ ನಿಮ್ಹಾನ್ಸ್, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯನೂ ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಅಲ್ಪಕಾಲದ ಶಿಕ್ಷಣದಿಂದ ಮನೋರೋಗವನ್ನು ಗುರುತಿಸಬಲ್ಲರೆ, ಕೆಲವು ಅವಶ್ಯಕ ಔಷಧಿಗಳಿಂದ ಉಪಚರಿಸಬಲ್ಲರೆ ಎಂಬ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿತು. ಬಲ್ಲರು ಎಂಬುದೇ ಉತ್ತರವಾಯಿತು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದೇ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ಒಂದು ಇಡೀ ಜಿಲ್ಲೆಗೆ ಅನ್ವಯಿಸಿ ನೋಡಲಾಯಿತು. ‘ಬಳ್ಳಾರಿ ಮಾದರಿ’ ಎಂದು ಪ್ರಸಿದ್ಧವಾದ ಆ ಪ್ರಯೋಗವೇ, 1996ರಿಂದ ದೇಶದ ಜಿಲ್ಲೆಗಳಿಗೆ ಹರಡತೊಡಗಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ಸುಣ್ಣದ ಗೋಡೆಯ, ಬಿಸಿಲ ನಾಡಿನ ಆರೋಗ್ಯ ಕೇಂದ್ರಗಳಿಂದ ರಾಷ್ಟ್ರವೊಂದು ಪಾಠ ಕಲಿತ ಪ್ರಸಂಗ ಇದು.

ಹಾಗಲವಾಡಿಯವರಿಗೆ ಇನ್ನೂ ನಿಕಟವಾದ ದೃಷ್ಟಾಂತವೊಂದುಂಟು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಿಗೆ ನೆರೆಯಾದ ತುರುವೇಕೆರೆಯಲ್ಲಿ ನಿಮ್ಹಾನ್ಸಿನ ವೈದ್ಯರು ಹಲವು ವರ್ಷಗಳಿಂದ, ಮೊದಲು ತೀರ್ಥಹಳ್ಳಿಯಲ್ಲಿ ಆರಂಭಿಸಿದ್ದ ಪದ್ಧತಿಯನ್ನೇ ಅನುಸರಿಸಿ, ತೀವ್ರ ಮನೋರೋಗಿಗಳನ್ನು ಅವರವರ ಊರಿನಲ್ಲಿಯೇ ಹುಡುಕಿ, ತಾಲ್ಲೂಕು ಮಟ್ಟದಲ್ಲಿಯೇ ಚಿಕಿತ್ಸೆ ಕೊಟ್ಟು, ಬಿಟ್ಟುಹೋದವರನ್ನು ಮತ್ತೆ ಕರೆತರುವ ಕಾರ್ಯವನ್ನು ನಡೆಸಿಕೊಂಡು ಬಂದಿದ್ದಾರೆ. ಇಲ್ಲಿ ವೈದ್ಯನ ಕಣ್ಣು ಮೊದಲು ಬೀಳುವುದಿಲ್ಲ. ಮೊದಲು ಬೀಳುವುದು ಆಶಾ ಕಾರ್ಯಕರ್ತೆಯ ಕಣ್ಣು. ಬಾಣಂತಿಯ ಮನೆಗೆ ಹೋದವಳು, ಹಿತ್ತಿಲ ಕೋಣೆಯಲ್ಲಿ ವರ್ಷಗಳಿಂದ ಮೌನವಾಗಿ ಕುಳಿತ ಮೈದುನನನ್ನು ನೋಡುತ್ತಾಳೆ. ಮನೆಯವರು ಮರೆಮಾಚಿದ್ದನ್ನು ಅವಳು ಮೆಲ್ಲನೆ ಮಾತಿಗೆಳೆಯುತ್ತಾಳೆ. ತೀರ್ಥಹಳ್ಳಿಯ ಅಧ್ಯಯನಗಳಿಂದ ತಿಳಿದುಬಂದ ತತ್ತ್ವವೂ ಸರಳವಾದುದೇ: ಔಷಧಿ ನಿಯಮವಾಗಿ ದೊರೆತವರ ಅಸಾಮರ್ಥ್ಯ ಕಾಲಕ್ರಮದಲ್ಲಿ ತಗ್ಗುತ್ತದೆ, ಚಿಕಿತ್ಸೆಯಿಲ್ಲದವರದು ಹಾಗೆ ತಗ್ಗುವುದಿಲ್ಲ. ಗುಣವೆಂದರೆ ಇಲ್ಲಿ ತಲೆಯೊಳಗಿನ ಧ್ವನಿಗಳು ಅಡಗುವುದಷ್ಟೇ ಅಲ್ಲ. ತೋಟಕ್ಕೆ ನೀರು ಹಾಯಿಸಿ, ಸಂತೆಗೆ ಹೋಗಿ, ಮನೆಯ ದುಡಿಮೆಯಲ್ಲಿ ಮತ್ತೆ ಒಂದು ಹೆಗಲಾಗುವುದು.

ಮಿದುಳಿನ ಇತರ ಬಾಧೆಗಳ ವಿಷಯದಲ್ಲಿಯೂ ಮಾತು ಇದೇ. ಮೂರ್ಛೆ ಬಂದವನ ಕೈಗೆ ಬೀಗದ ಕೈಯನ್ನೋ ಕಬ್ಬಿಣದ ತುಂಡನ್ನೋ ತುರುಕುವುದು ನಮ್ಮಲ್ಲಿ ಬಹು ಹಳೆಯ ರೂಢಿ. ಕ್ಷಣಕಾಲ ಮಿದುಳಿನ ವಿದ್ಯುತ್ಸಂಚಾರ ಕ್ರಮ ತಪ್ಪಿದ್ದರಿಂದ ಬರುವ ಸೆಳೆತ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುವುದರಿಂದ, ಕಬ್ಬಿಣವು ಬಿಟ್ಟಿಯಾಗಿ ಕೀರ್ತಿಯನ್ನು ಪಡೆಯಿತು. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವು, ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲಿಯೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂಬುದನ್ನು ತೋರಿಸಿತು. 2001ರಲ್ಲಿ ಅದರ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿ ಹೊರಲೋಕವೂ ಅದನ್ನು ಓದಿತು. ಸೆಳೆತ ಬಂದಾಗ ಮನೆಯವರು ಮಾಡತಕ್ಕದ್ದು ಇಷ್ಟೆ: ಬಿದ್ದವನನ್ನು ಒಂದು ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಸೆಳೆತ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುವುದು.

ಇನ್ನು ‘ಅರವತ್ತಕ್ಕೆ ಅರಳುಮರಳು’ ಎಂಬ ನಮ್ಮ ಗಾದೆ. ಅದರಲ್ಲಿ ಮಮತೆಯುಂಟು, ಕ್ಷಮೆಯುಂಟು. ಆದರೆ ಕೈಕಟ್ಟಿ ಕುಳಿತುಕೊಳ್ಳುವ ಸೋಮಾರಿತನವೂ ಉಂಟು. ದಿನನಿತ್ಯದ ಬಾಳನ್ನೇ ಕೆಡಿಸುವಂಥ ಮರೆವು ಮುಪ್ಪಿನ ಸಹಜಧರ್ಮವಲ್ಲ, ಮಿದುಳಿನ ವ್ಯಾಧಿ. ಅದು ಹೇಗೆ ಮೊದಲಾಗುತ್ತದೆ, ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ತಿಳಿಯಲು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ಒಂದು ದೀರ್ಘ ಅಧ್ಯಯನವನ್ನು ಕೈಗೊಂಡಿದೆ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷ ವರ್ಷವೂ ಮತ್ತೆ ಮತ್ತೆ ಪರೀಕ್ಷಿಸಿ, ಅವರ ರಕ್ತ, ಸ್ಮರಣಶಕ್ತಿ, ಮಿದುಳಿನ ಚಿತ್ರ, ಆಹಾರವಿಹಾರ ಎಲ್ಲವನ್ನೂ ದಾಖಲಿಸುವುದು ಅದರ ಸಂಕಲ್ಪ. ಬೆಂಗಳೂರಿನ ಆಸ್ಪತ್ರೆಗೆ ಬಂದವರನ್ನಲ್ಲ, ಹೊಲಕ್ಕೆ ಹೋಗುವವರನ್ನು ಕುರಿತು ವಿಜ್ಞಾನ ಇಷ್ಟು ತಾಳ್ಮೆಯಿಂದ ಕೇಳುತ್ತಿರುವುದು ವಿಶೇಷ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಪ್ರಾಯೋಗಿಕವಾಗಿ ಆರಂಭಿಸಿದ ‘ಕರ್ನಾಟಕ ಮಿದುಳು ಆರೋಗ್ಯ’ ಉಪಕ್ರಮವು, ಅರಳುಮರಳು, ಪಾರ್ಶ್ವವಾಯು, ಅಪಸ್ಮಾರ, ತಲೆನೋವುಗಳನ್ನು ಜಿಲ್ಲಾ ಮಟ್ಟದಲ್ಲಿಯೇ ನೋಡಿಕೊಳ್ಳಲು ವೈದ್ಯರನ್ನು ಸಿದ್ಧಗೊಳಿಸುವ ಪ್ರಯತ್ನ. ಲಕ್ವ ಹೊಡೆದವನಿಗೆ ರಕ್ತದ ಹೆಪ್ಪನ್ನು ಕರಗಿಸುವ ಔಷಧಿ ಸಲ್ಲುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಎಂಬುದನ್ನು ನೆನೆದರೆ, ಹಾಗಲವಾಡಿಯವನಿಗೆ ಜಿಲ್ಲಾಸ್ಪತ್ರೆಯ ಸಾಮೀಪ್ಯವೆಂಬುದು ಅನುಕೂಲದ ಮಾತಲ್ಲ, ಪ್ರಾಣದ ಮಾತು.

ದೂರವನ್ನು ಕುಗ್ಗಿಸಿದವರಲ್ಲಿ ಲೇಖಕರೂ ಸೇರುತ್ತಾರೆ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ಶಾಸ್ತ್ರವನ್ನು ಕುರಿತು ‘ಮನಮಂಥನ’ವನ್ನು ರಚಿಸಿ, 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಆಮೇಲೆ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಹಳ್ಳಿಯ ಓದುಗನಿಗೂ ನಿಲುಕುವ ತಿಳಿಗನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ದೆವ್ವ, ಮೈಮೇಲೆ ಬರುವುದು, ಮಾಟ ಎಂಬ ಮಾತುಗಳ ಹಿಂದೆ ಅಡಗಿದ ಸಂಕಟವನ್ನು ಬಿಡಿಸಿ ತೋರಿಸಿದರು.

ಇಷ್ಟಾದರೂ ಕಾರ್ಯ ಪೂರ್ಣವಾಗಿದೆಯೆಂದು ಹೇಳುವುದು ಸತ್ಯಕ್ಕೆ ಅಪಚಾರ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಭಾಗದವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವಾರಕ್ಕೊಂದು ದಿನ, ಕಾದು ಕುಳಿತ ಜನದ ನಡುವೆ, ವೈದ್ಯ ಒಬ್ಬೊಬ್ಬರಿಗೂ ಕೊಡಬಹುದಾದದ್ದು ಕೆಲವೇ ನಿಮಿಷ. ಮನಸ್ಸೋ ನಿಧಾನವಾಗಿ ತೆರೆದುಕೊಳ್ಳುವ ವಸ್ತು. ಈ ಕೊರತೆಯನ್ನು ಕಿಂಚಿತ್ತಾದರೂ ತುಂಬಲೆಂದೇ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆಮಾಡಿದರೂ ಕನ್ನಡದಲ್ಲಿಯೇ ಸಮಾಧಾನ ಹೇಳುವವರು ದೊರೆಯುತ್ತಾರೆ, ಖರ್ಚಿಲ್ಲ. ನಡುರಾತ್ರಿ ತೋಟದ ಮನೆಯಲ್ಲಿ ಬಾಳು ಬೇಡವೆನಿಸಿದವನಿಗೆ ಮಂಗಳವಾರದವರೆಗೆ ಕಾಯುವ ಅಗತ್ಯವಿಲ್ಲ.

ಗೋಡೆಯಿಂದ ಸಕಲವಾರಕ್ಕೆ, ಬಳ್ಳಾರಿಗೆ, ತುರುವೇಕೆರೆಗೆ, ಗುಬ್ಬಿಯಂಥ ತಾಲ್ಲೂಕಿನ ಆಸ್ಪತ್ರೆಗೆ, ಕೊನೆಗೆ ಕಿವಿಯ ಬಳಿಗೆ ಬಂದ ಈ ಪಯಣದಲ್ಲಿ ಇನ್ನೂ ಒಂದು ದೂರ ಉಳಿದಿದೆ. ಅದು ಹಿತ್ತಿಲ ಕೋಣೆಯಿಂದ ತಲೆಬಾಗಿಲಿಗಿರುವ ದೂರ. ಅದನ್ನು ಕುಗ್ಗಿಸುವ ಯೋಜನೆ ಯಾವ ಸರ್ಕಾರದ ಕಡತದಲ್ಲಿಯೂ ಇರಲಾರದು. ‘ಹುಚ್ಚ’ನೆಂಬ ಮಾತನ್ನು ನುಂಗಿಕೊಂಡು ‘ಹುಷಾರಿಲ್ಲ’ವೆನ್ನುವ ನೆರೆಯವರಿಂದ ಅದು ಆಗಬೇಕು. ಕೋಟದ ಜನ ವೈದ್ಯನನ್ನೂ ಪಾತ್ರಿಯನ್ನೂ ಒಟ್ಟಿಗೆ ಆಶ್ರಯಿಸಿದಂತೆ, ನಮ್ಮ ತಾಯಂದಿರೂ ಮಂಗಳವಾರದ ಬಸ್ಸನ್ನು ಹತ್ತುವಾಗ ಚೀಲದಲ್ಲಿ ಅಮ್ಮನವರಿಗೊಂದು ತೆಂಗಿನಕಾಯಿಯನ್ನು ಇಟ್ಟುಕೊಂಡರೆ ಇಟ್ಟುಕೊಳ್ಳಲಿ. ಅದರ ಪಕ್ಕದಲ್ಲಿ ಆಸ್ಪತ್ರೆಯ ಚೀಟಿಯೊಂದನ್ನು ಮರೆಯದಿದ್ದರೆ ಸಾಕು.