ಹೊಲಿಗೆ ಬಿಚ್ಚಿದ ಮೇಲೂ ಒಂದು ಕಣ್ಣಿರಲಿ

ಸೋದರಿಯರೇ, ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದವರು ಈಗ ಯಾವ ಬೀದಿಯಲ್ಲಿಲ್ಲ ಹೇಳಿ? ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಎರಡು ದಿನಕ್ಕೆ ಮನೆ. ನಮ್ಮ ಅತ್ತಿಗೆಯೂ ಹಾಗೇ ನಗುತ್ತಾ ಬಂದರು. ನಾಲ್ಕನೇ ದಿನ ಶುರುವಾಯಿತು ನೋಡಿ, ಹೊಟ್ಟೆಯುಬ್ಬರ, ಬಲಗಡೆ ನೋವು, ಸಂಜೆಗೆ ಜ್ವರ. 'ವಾಯು ಇರಬೇಕು' ಎಂದು ನಾನೇ ಓಮದ ಕಷಾಯ ಕಾಯಿಸಿ ಕೊಟ್ಟೆ. ಹೀಗೇ ಎರಡು ದಿನ ಕಳೆದೆವು. ಆ ತಪ್ಪನ್ನು ನೀವು ಮಾಡಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಪಿತ್ತಕೋಶ ತೆಗೆದ ಮೇಲೆ ಅದರ ನಾಳದ ತುದಿಯನ್ನು ಕ್ಲಿಪ್ ಹಾಕಿ ಮುಚ್ಚುತ್ತಾರೆ. ಅಪರೂಪಕ್ಕೆ ಅಲ್ಲಿಂದ ಪಿತ್ತರಸ ಹೊಟ್ಟೆಯೊಳಗೆ ಸೋರುವುದುಂಟು. ಸ್ಕ್ಯಾನಿನಲ್ಲಿ ಅದು ಕಂಡಾಗ, 'ಮತ್ತೆ ಹೊಟ್ಟೆ ಕೊಯ್ತಾರಾ?' ಎಂದು ಅತ್ತಿಗೆ ಅತ್ತೇಬಿಟ್ಟರು. ಡಾಕ್ಟರು, 'ಬೇಡಮ್ಮಾ, ಬಾಯಿಂದಲೇ ಸರಿ ಮಾಡೋಣ' ಎಂದರು.

ಇದಕ್ಕೆ ಇ.ಆರ್.ಸಿ.ಪಿ. ಎನ್ನುತ್ತಾರೆ. ಮಂಪರು ಬರಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಬಾಯಿಯಿಂದ ಸಣ್ಣ ಕರುಳಿನವರೆಗೆ ಇಳಿಸುತ್ತಾರೆ. ಪಿತ್ತನಾಳ ಬಂದು ಸೇರುವುದು ಅಲ್ಲೇ. ಆ ನಾಳದೊಳಗೆ ಔಷಧಿ ಬಿಟ್ಟು ಎಕ್ಸ್‌ರೇಯಲ್ಲಿ ಸೋರುವ ಜಾಗ ನೋಡಿ, ನಾಳದ ಬಾಯಲ್ಲಿ ಸ್ಟೆಂಟ್ ಎಂಬ ಪುಟ್ಟ ಪ್ಲಾಸ್ಟಿಕ್ ನಳಿಕೆ ಇಡುತ್ತಾರೆ. ಬಚ್ಚಲ ಮೋರಿ ಸರಾಗವಾಗಿ ಹರಿದರೆ ಗೋಡೆಯ ಬಿರುಕಿನಲ್ಲಿ ನೀರು ಜಿನುಗುವುದು ನಿಲ್ಲುವುದಿಲ್ಲವೆ? ಇದೂ ಹಾಗೇ. ಪಿತ್ತರಸ ಕರುಳಿಗೆ ಸಲೀಸಾಗಿ ಹರಿದುಹೋಗುತ್ತದೆ, ಸೋರುವ ಜಾಗ ತಾನಾಗಿ ಮಾಯುತ್ತದೆ. ಎಂಡೋಸ್ಕೋಪಿನಿಂದ ಈ ನಾಳವನ್ನು ಮುಟ್ಟಿದ ಮೊದಲ ವರದಿ 1968ರದು, ಅಮೆರಿಕದ ಡಾ. ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರದು. ಆಗ ನೋಡಲಷ್ಟೇ ಬಳಸಿದ ದಾರಿ ಈಗ ಚಿಕಿತ್ಸೆಯ ದಾರಿಯಾಗಿದೆ.

ಹಾಗೆಂದು ಎಲ್ಲಕ್ಕೂ ಇದೇ ಮದ್ದಲ್ಲ. ಮುಖ್ಯ ನಾಳವೇ ತುಂಡಾಗಿದ್ದರೆ ಆಪರೇಷನ್ನೇ ಬೇಕಾಗುತ್ತದೆ. ಹೊಟ್ಟೆಯಲ್ಲಿ ಪಿತ್ತ ನಿಂತಿದ್ದರೆ ಅದನ್ನು ಬೇರೆ ನಳಿಕೆಯಿಂದ ಹೊರತೆಗೆಯಬೇಕು. ನಾವು ತಡಮಾಡಿದ್ದಕ್ಕೆ ಅತ್ತಿಗೆ ಅದನ್ನೂ ಅನುಭವಿಸಿದರು. ಇ.ಆರ್.ಸಿ.ಪಿ. ಆದ ಮೇಲೆ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೋರಾಗಿ ಹೊಟ್ಟೆನೋವು ಬರುವುದೂ ಉಂಟು.

ಆಪರೇಷನ್ ಆಗಿ ಮನೆಗೆ ಬಂದವರಿಗೆ ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಜ್ವರ, ವಾಂತಿ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕಷಾಯದ ಪಾತ್ರೆ ಕೆಳಗಿಟ್ಟು ಅಂದೇ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು. ಈ ಸ್ಟೆಂಟನ್ನು ಸಾಮಾನ್ಯವಾಗಿ 4ರಿಂದ 8 ವಾರದಲ್ಲಿ ಮತ್ತೆ ಬಾಯಿಯ ದಾರಿಯಲ್ಲೇ ತೆಗೆಸಬೇಕು. 'ಈಗ ಆರಾಮಾಗಿದೀನಲ್ಲ' ಎಂದು ಮರೆತರೆ ಅದು ಕಟ್ಟಿಕೊಂಡು ಕಾಮಾಲೆ, ಚಳಿಜ್ವರ ತರುತ್ತದೆ. ನಮ್ಮತ್ತಿಗೆಯೂ 'ಹಬ್ಬ ಕಳೀಲಿ' ಎಂದರು. ನಾನು ಬಿಡಲಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ತಾರೀಖಿಗೆ ಕೆಂಪು ಗುರುತು ಹಾಕಿಟ್ಟಿದ್ದೆ. ಅದೇ ದಿನ ಬೆಳಿಗ್ಗೆ ಬಸ್ಸು ಹತ್ತಿಸಿದೆ.