ಅರ್ಧ ಅಕ್ಕಿಕಾಳಿನಷ್ಟು ಮೂಳೆ

ಕೆ.ಆರ್. ನಗರದ ಗದ್ದೆಯವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾದೀತು. ಒಂದು ಅಕ್ಕಿಕಾಳನ್ನು ಹಲ್ಲಿನಲ್ಲಿ ಕಡಿದು ಎರಡು ಮಾಡಿ. ಅದರಲ್ಲೊಂದು ತುಂಡಿನಷ್ಟು ಉದ್ದವಿರುತ್ತದೆ ನಮ್ಮ ಕಿವಿಯೊಳಗಿನ ಸ್ಟೇಪಿಸ್ ಮೂಳೆ, ಸುಮಾರು 3 ಮಿಲಿಮೀಟರ್. ದೇಹದ ಅತಿ ಚಿಕ್ಕ ಮೂಳೆ ಅದು. ಆಕಾರ ಕುದುರೆ ಸವಾರ ಕಾಲಿಡುವ ರಿಕಾಪಿನದು. ಕೆಲವರಲ್ಲಿ ಅದು ಕೂತಲ್ಲೇ ಬಿಗಿದುಕೊಳ್ಳುತ್ತದೆ, ಕಿವಿ ಮಂದವಾಗುತ್ತ ಹೋಗುತ್ತದೆ. ಕಿವಿಯ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಆ ಮೂಳೆಯ ಮೇಲ್ಭಾಗವನ್ನು ತೆಗೆದು, ಅದರ ಪಾದದಲ್ಲಿ ಸಣ್ಣ ರಂಧ್ರ ಕೊರೆದು, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಸ್ಟನ್ ಕೂರಿಸುತ್ತಾರೆ. ಅಮೆರಿಕದ ಜಾನ್ ಶಿಯಾ 1956ರಲ್ಲಿ ತೋರಿಸಿಕೊಟ್ಟ ದಾರಿ ಇದು. ರೋಗಿಗೆ ಪೂರ್ತಿ ಅರಿವಳಿಕೆ ಕೊಡದೆ ಮಾಡಿದಾಗ, ಮೇಜಿನ ಮೇಲೆ ಮಲಗಿದ್ದಾಗಲೇ ಪಿಸುಮಾತು ಕೇಳಿಸುವುದುಂಟು.

ಮುಖದ ನರ ಹಾದುಹೋಗುವುದು ಅಲ್ಲೇ, ಮಿಲಿಮೀಟರ್ ಲೆಕ್ಕದ ದೂರದಲ್ಲಿ. ಕೈ ತಪ್ಪಿದರೆ ಬಾಯಿ ಸೊಟ್ಟಗಾಗುತ್ತದೆ. ಆದ್ದರಿಂದಲೇ ಎಂಬಿಬಿಎಸ್‌ನ ಐದೂವರೆ ವರ್ಷ, ಇಎನ್‌ಟಿ ಎಂ.ಎಸ್‌ನ 3 ವರ್ಷ ಮುಗಿದರೂ ಕಿವಿಯ ಮೇಲೆ ಧೈರ್ಯವಾಗಿ ಕೈಯಿಡಲು ಆಗುವುದಿಲ್ಲ. ಮೃತದೇಹದಿಂದ ತೆಗೆದ ಕಿವಿಯೆಲುಬನ್ನು ಮುಂದಿಟ್ಟುಕೊಂಡು ಡ್ರಿಲ್ ಹಿಡಿದು ಕೊರೆಯುವುದನ್ನು ಎಷ್ಟೋ ಕಾಲ ಕಲಿಯಬೇಕು. ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇಷ್ಟು ನಾಜೂಕಿನ ವಿದ್ಯೆ ಕಲಿತವರ ಮುಂದೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಂದ ಹೋಗಿ ಕೂರುವ ಕಾಯಿಲೆ ಬಹುಮಟ್ಟಿಗೆ ಒಂದೇ: ಕಿವಿ ಸೋರುವುದು. ಶೀತವಾದಾಗ ಮೂಗಿನ ಹಿಂದಿನ ನಾಳದ ಮೂಲಕ ಸೋಂಕು ಕಿವಿಗೇರುತ್ತದೆ, ತಮಟೆ ತೂತಾಗುತ್ತದೆ, ಕೀವು ಸುರಿಯುತ್ತದೆ. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಗುಗ್ಗೆ ತೆಗೆಯಲು ಬೆಂಕಿಕಡ್ಡಿ, ಪಿನ್ನು ಹಾಕುತ್ತಾರೆ. ತೂತಾದ ತಮಟೆಯೊಳಕ್ಕೆ ಎಣ್ಣೆಯಾಗಲಿ ಕೆರೆಯ ನೀರಾಗಲಿ ಹೋಗಲೇಬಾರದು. ಸೋರುವುದರಲ್ಲೂ ಎರಡು ಬಗೆ. ನೀರಾಗಿ ಸುರಿದು ನಿಂತು ಮತ್ತೆ ಸುರಿಯುವುದು ಒಂದು. ತಮಟೆಗೆ ತೇಪೆ ಹಾಕಿದರೆ ಬಹಳಷ್ಟು ಸಲ ಗುಣವಾಗುತ್ತದೆ. ಸ್ವಲ್ಪವೇ ಸೋರಿದರೂ ಕೆಟ್ಟ ವಾಸನೆ ಬರುವುದು ಇನ್ನೊಂದು. ಒಳಗೆ ಚರ್ಮದ ಗಂಟು ಬೆಳೆದು ಮೂಳೆಯನ್ನೇ ತಿನ್ನುತ್ತಿರಬಹುದು, ಬಿಟ್ಟರೆ ಸೋಂಕು ಮಿದುಳಿನವರೆಗೂ ಹೋಗಬಹುದು. ನೋವಿಲ್ಲವೆಂದು ಜನ ಉದಾಸೀನ ಮಾಡುವುದು ಹೆಚ್ಚಾಗಿ ಈ ಎರಡನೆಯದನ್ನೇ.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಎಚ್.ಡಿ. ಕೋಟೆಯಿಂದ ತುಸು ಜಾಸ್ತಿ. ಬಸ್ಸಿದೆ. ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಮನೆಯ ಒಂದು ಆಳೂ ಬಿಡುವಾಗಿರುವುದಿಲ್ಲ. 'ಹರಾಜು ಮುಗೀಲಿ, ಕೈಗೆ ಕಾಸು ಬರ್ಲಿ' ಎನ್ನುವುದರಲ್ಲಿ ವರ್ಷ ಉರುಳುತ್ತದೆ. ಕೋಟೆಯ ಕಾಡಂಚಿನ ಹಾಡಿಯವರಿಗೆ ಮೈಸೂರಿಗೆ ಹೋಗುವುದೆಂದರೆ ಒಂದು ದಿನದ ಕೂಲಿಯೂ ಹೋದಂತೆ.

ದೊಡ್ಡವರ ಕಿವಿ ಕಾದೀತು, ಕೂಸಿನದು ಕಾಯುವುದಿಲ್ಲ. ಕಿವಿ ಕೇಳಿಸದೆ ಮಾತು ಬರದ ಮಗುವಿನ ತಾಯಿ ಗಾಬರಿಯಾದರೆ ಅಜ್ಜಿ ಹೇಳುತ್ತಾಳೆ: 'ಸುಮ್ಕಿರವ್ವ, ಇವರಪ್ಪನೂ ಮೂರು ವರ್ಸ ಆದ್ಮೇಲೇ ಮಾತಾಡಿದ್ದು.' ಪ್ರೀತಿಯಿಂದ ಆಡಿದ ಮಾತೇ. ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮಿದುಳು ಮಾತನ್ನು ಚೆನ್ನಾಗಿ ಹಿಡಿದುಕೊಳ್ಳುವುದು ಮೊದಲ ಕೆಲವೇ ವರ್ಷಗಳಲ್ಲಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ಜಗತ್ತೆಲ್ಲ ಒಪ್ಪಿದ ಲೆಕ್ಕ. ಸೋದರಮಾವನಿಗೆ ಕೊಟ್ಟು ತಂದುಕೊಳ್ಳುವ ಸಂಬಂಧಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು, ಅಲ್ಲಿ ಎಚ್ಚರವೂ ಹೆಚ್ಚಿರಬೇಕು.

ಈ ತಪಾಸಣೆಗೆ ಸೂಜಿಯಿಲ್ಲ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಒಂದು ಸಂಗತಿ ಕಂಡುಕೊಂಡರು: ಆರೋಗ್ಯವಾಗಿರುವ ಒಳಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ಮೆಲ್ಲನೆ ಮರುದನಿಯನ್ನೂ ಹೊರಡಿಸುತ್ತದೆ. ಮಲಗಿದ ಕೂಸಿನ ಕಿವಿಗೆ ಸಣ್ಣ ರಬ್ಬರ್ ತುದಿಯಿಟ್ಟು ಆ ದನಿ ಬರುತ್ತಿದೆಯೇ ಎಂದು ಯಂತ್ರ ನೋಡುತ್ತದೆ. ಕೆಲವೇ ನಿಮಿಷ, ಎಷ್ಟೋ ಸಲ ಕೂಸಿಗೆ ಎಚ್ಚರವೂ ಆಗುವುದಿಲ್ಲ.

ನಮ್ಮ ಪುಣ್ಯಕ್ಕೆ ಇದಕ್ಕೆಲ್ಲ ದೇಶದ ದೊಡ್ಡ ಮನೆ ಮೈಸೂರಿನಲ್ಲೇ ಇದೆ. 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಊರಿನವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. 1966ರ ಜುಲೈನಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್, 1918ರಿಂದ ಕೆಲವು ವರ್ಷ ಇದೇ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ಕೆ.ಆರ್. ನಗರ ದಾಟಿ ಹಾಸನದ ರೈಲು ದಾರಿಯಲ್ಲಿ ಸಿಗುವ ಅಕ್ಕಿಹೆಬ್ಬಾಳಿನಲ್ಲೂ ಸಂಸ್ಥೆ ಸೇವಾ ಕೇಂದ್ರ ತೆರೆದಿದೆ. ಹಳ್ಳಿಗೆ ಕಿವಿಯ ಪರೀಕ್ಷೆ ಹೀಗೆ ಹತ್ತಿರವಾದದ್ದನ್ನು ನಾನು ಆಸ್ಪತ್ರೆಯ ಹೊಸ ಮಹಡಿಗಳಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಶ್ರವಣಯಂತ್ರದಿಂದಲೂ ಉಪಯೋಗವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಎರಡೂವರೆ ಸುತ್ತಿನ ಬಸವನಹುಳದಂಥ ಒಳಕಿವಿಗೆ ವೈದ್ಯರು ವಿದ್ಯುತ್ತಿನ ಎಳೆಯೊಂದನ್ನು ತೂರಿಸುತ್ತಾರೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಯದು. ಆಮೇಲೆ ತಾಯಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸದ್ದಿಗೊಂದು ಹೆಸರು ಕಲಿಸುವುದು ವರ್ಷಗಟ್ಟಲೆಯ ಕೆಲಸ. ದುಬಾರಿ ಯಂತ್ರವೇ, ಆದರೆ ಕೇಂದ್ರದ ಎಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ವೆಚ್ಚಕ್ಕೆ ನೆರವಾಗುತ್ತವೆ. ಎರಡಕ್ಕೂ ಮಗುವಿನ ವಯಸ್ಸಿನ ಮಿತಿ ಇದೆ.

ಹೆರಿಗೆಯಾಗಿ ಮನೆಗೆ ಹೊರಡುವ ಮುಂಚೆ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ: 'ನಮ್ಮ ಕೂಸಿನ ಕಿವಿ ಪರೀಕ್ಷೆ ಆಯ್ತಾ?' ಆಗಿಲ್ಲವೆಂದರೆ ಎಲ್ಲಿ ಮಾಡಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಂಡೇ ಬಸ್ಸು ಹತ್ತಿ.